ಬೆಂಚಿಗೊಂದು ನಗೆ

ಅಂತ್ಯಸಂಸ್ಕಾರಕ್ಕೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಅವರು ಕುಡಿದಿಟ್ಟ ಲೋಟಗಳನ್ನು ತೊಳೆದು ಬೋರಲು ಹಾಕುತ್ತ ಅವಳು ಅಡುಗೆಮನೆಯಲ್ಲಿ ನಿಂತಿದ್ದಳು. ಗಂಡ ಹೋದ ದಿನದಿಂದ ಅಳು ಬಂದಿರಲಿಲ್ಲ. ಅಳು ಹಾಗಿರಲಿ, ಮುಖದ ಒಂದು ಗೆರೆಯೂ ಅಲುಗಿರಲಿಲ್ಲ. ‘ಕಲ್ಲಾಗಿಬಿಟ್ಟಿದಾಳೆ’ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತ್ತು. ಅದಕ್ಕೂ ಏನೂ ಅನ್ನಿಸಿರಲಿಲ್ಲ.

ಗಂಡನ ಫೋನು ಹೊಡೆದುಕೊಂಡಿತು. ಪುರಸಭೆಯ ಸಾಹೇಬರು.

“ಅಮ್ಮಾ, ಇಂಥ ಹೊತ್ತಲ್ಲಿ ಕರೀಬಾರದು, ಗೊತ್ತು. ಆದ್ರೆ ಬೆಂಚಿನ ವಿಚಾರಕ್ಕೆ ಇವತ್ತೇ ಕೊನೆ. ಪರ, ವಿರೋಧ ಸಮಸಮ ನಿಂತಿದೆ. ಸಮ ಬಂದ್ರೆ ಬೆಂಚು ಹಾಕಲ್ಲ. ನಿಮ್ಮ ಬೀದಿಯಲ್ಲಿ ಅಭಿಪ್ರಾಯ ಹೇಳದೆ ಉಳಿದಿರೋರು ನೀವೊಬ್ರೇ.”

ನಾಳೆ ಹೋದರಾಯ್ತು, ನಾಳೆ ಹೋದರಾಯ್ತು ಎಂದು ಗಂಡನಿಗೆ ಹೇಳುತ್ತಲೇ ಇದ್ದವಳು ಅವಳು.

“ನಡಿ ಮಗಳೇ,” ಎಂದರು ಅತ್ತೆ. “ಆಸ್ಪತ್ರೆ ಮುಂದೆ ಬಸುರಿಯರು ಬಸ್ಸಿಗೆ ಕಂಬ ಹಿಡ್ಕೊಂಡು ಕಾಯ್ತಾರೆ ಅಂತ ಎಷ್ಟು ತಲೆ ಕೆಡಿಸ್ಕೊಂಡಿದ್ದ! ಅವನದು ಅಂತ ಈ ಊರಲ್ಲಿ ಉಳಿಯೋದು ಅದೊಂದೇ.”

ಜನರನ್ನು ಕೇಳದೆ ಏನನ್ನೂ ಮಾಡಬಾರದು ಎಂಬ ಹೊಸ ನಿಯಮ ಬಂದಾಗ ಪುರಸಭೆ ಅದನ್ನು ಅಲ್ಲೇ ಕೆಲಸಕ್ಕಿದ್ದ ಅವಳ ಗಂಡನ ತಲೆಗೆ ಕಟ್ಟಿತ್ತು. ಓದುಬರಹ ಬಾರದವರೂ ಅಭಿಪ್ರಾಯ ಹೇಳುವಂತಿರಲಿ ಎಂದು ಅವನು ಮುಖ ನೋಡುವ ಯಂತ್ರ ತರಿಸಿದ. ಪರದೆಯ ಮುಂದೆ ಕೂತು ನಕ್ಕರೆ ಒಪ್ಪಿಗೆ, ಗಂಟುಮುಖ ಹಾಕಿದರೆ ವಿರೋಧ. ಒಬ್ಬರಿಗೆ ಒಂದೇ ಸಲ. ಕುಳ್ಳರು, ಉದ್ದನೆಯವರು ಎಲ್ಲರ ಮುಖವೂ ಪರದೆಗೆ ಸರಿಯಾಗಿ ಸಿಗಲೆಂದು ಎದುರಿನ ಸಲೂನಿನಿಂದ ಏರಿಳಿಯುವ ಕುರ್ಚಿಯನ್ನೂ ಎರವಲು ತಂದ. ಅವನು ಮರೆತದ್ದು ಒಂದೇ: ಸರ್ಕಾರಿ ಕಚೇರಿಯಲ್ಲಿ ಯಾರಿಗೂ ನಗು ಬರುವುದಿಲ್ಲ. ಬೆಂಚು ಬೇಕೇಬೇಕು ಎಂದು ಬಂದ ಬಸುರಿಯರು ಸಾಲಿನಲ್ಲಿ ಕಾದು ಕಾದು ಸಿಡುಕಿ ವಿರೋಧಿಗಳಾದರು. ಬೆಂಚಿನ ಕಟ್ಟಾ ವೈರಿಯಾದ ಅಂಗಡಿಯವನೊಬ್ಬ ಪರದೆಯಲ್ಲಿ ತನ್ನ ಮುಖ ಚೆನ್ನಾಗಿ ಕಂಡಿತೆಂದು ಹಲ್ಲುಕಿರಿದು ಒಪ್ಪಿಬಿಟ್ಟ.

ಅತ್ತೆ ಸೊಸೆ ಹೋದಾಗ ಸಾಹೇಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಪುರಸಭೆಯ ಬಾಗಿಲಲ್ಲಿ ಕಾದಿದ್ದರು. “ಹಲ್ಲುನೋವು,” ಎಂದರು.

ಅವಳು ಕುರ್ಚಿಯಲ್ಲಿ ಕೂತಳು.

“ಅಭಿಪ್ರಾಯ ಸ್ಪಷ್ಟವಾಗಿಲ್ಲ,” ಎಂದಿತು ಯಂತ್ರ.

ತುಟಿ ಅಗಲಿಸಿದಳು.

“ಎದುರಿಗೆ ಯಾರೂ ಕಾಣುತ್ತಿಲ್ಲ.”

ಅದು ಹೇಳಿದ್ದು ತಪ್ಪೇನಲ್ಲ ಅನ್ನಿಸಿತು ಅವಳಿಗೆ. ಅತ್ತೆಗೆ ತಡೆಯಲಾಗಲಿಲ್ಲ, ಹಿಂದಿನಿಂದ ಎರಡೂ ಕೆನ್ನೆ ಹಿಡಿದು ಮೇಲಕ್ಕೆಳೆದರು.

“ಪರದೆಯ ಮುಂದೆ ಹೆಚ್ಚುವರಿ ಕೈಗಳಿವೆ.”

“ಇದ್ರೆ ನಿನಗೇನೋ ಕಷ್ಟ, ಮುಖೇಡಿ!” ಎಂದು ಅತ್ತೆ ಯಂತ್ರಕ್ಕೇ ಬೈದರು. ಸಾಹೇಬರು ಕರವಸ್ತ್ರದ ಹಿಂದಿನಿಂದ ಒಂದು ಹಾಸ್ಯ ಶುರುಮಾಡಿದರು. ಅರ್ಧಕ್ಕೆ ಬಂದಾಗ ಅದು ಮೇಲಧಿಕಾರಿಗಳ ಬಗ್ಗೆ ಎಂಬುದು ನೆನಪಾಗಿ ನಿಲ್ಲಿಸಿದರು. ಸಂಜೆ ಹತ್ತಿರವಾಗುತ್ತಿತ್ತು. ಅವಳು ಕೂತೇ ಇದ್ದಳು. ಬೆಂಚು ಕೈಜಾರುತ್ತಿರುವುದು ತಿಳಿಯುತ್ತಿತ್ತು. ಮುಖ ಮಾತ್ರ ಹೇಳಿದ ಮಾತು ಕೇಳಲೊಲ್ಲದು.

ಅಷ್ಟರಲ್ಲಿ ಸಲೂನಿನವನು ಒಳಗೆ ಇಣುಕಿದ.

“ಅಕ್ಕಾ, ಕೇಳೋಕೆ ನಾಲಿಗೆ ಬರಲ್ಲ… ನನ್ನ ಕುರ್ಚಿ. ಗಿರಾಕಿಗಳು ಗೋಡೆಗೊರಗಿ ನಿಂತ್ಕೊಂಡೇ ಗಡ್ಡ ಮಾಡಿಸ್ಕೊಳ್ತಿದಾರೆ.”

“ನಿಂತ್ಕೊಂಡಾ?” ಎಂದರು ಅತ್ತೆ.

“ಹೂಂ ಅಮ್ಮಾ. ನಿನ್ನೆ ಒಬ್ರು ನಿಂತಲ್ಲೇ ನಿದ್ದೆಹೋಗಿ ಜಾರಿಬಿಟ್ರು. ನನ್ನ ಕೈ ನಿಲ್ಲಬೇಕಲ್ಲ? ಅರ್ಧ ಮೀಸೆ ಹೋಯ್ತು. ಉಳಿದದ್ದೂ ತೆಗೀತೀನಿ ಅಂದ್ರೆ, ಅಧಿಕಾರಿ ಕಣಯ್ಯಾ ನಾನು, ಮುಟ್ಟಿದ್ರೆ ನೋಡು ಅಂತ—” ಅವನ ಕಣ್ಣು ಕರವಸ್ತ್ರದ ಮೇಲೆ ಬಿತ್ತು. “ಅಯ್ಯೋ! ಸರ್, ಇಲ್ಲೇ ಇದೀರಾ?”

ಸಾಹೇಬರು ನಿಧಾನವಾಗಿ ಕರವಸ್ತ್ರ ಇಳಿಸಿದರು. ಎಡಗಡೆ ದಟ್ಟ ಕಪ್ಪು ಮೀಸೆ. ಬಲಗಡೆ ಬೆಣ್ಣೆಯಂಥ ಬಯಲು.

ಮೊದಲು ಅವಳ ಮೂಗಿನಿಂದೊಂದು ಸದ್ದು ಬಂತು. ಆಮೇಲೆ ಹೊಟ್ಟೆ ಕುಣಿಯಿತು. ಆಮೇಲೆ ತಡೆಯುವವರಿರಲಿಲ್ಲ, ನಕ್ಕಳು, ಬಿದ್ದುಬಿದ್ದು ನಕ್ಕಳು, ಕಣ್ಣಿಂದ ನೀರು ಕೆನ್ನೆಯ ಮೇಲಿಳಿದು ಕುತ್ತಿಗೆಗೆ ಹೋಯಿತು. ಒರೆಸಿದಷ್ಟೂ ಬಂತು.

“ಒಪ್ಪಿಗೆ ದಾಖಲಾಗಿದೆ,” ಎಂದಿತು ಯಂತ್ರ. “ಧನ್ಯವಾದ. ದಯವಿಟ್ಟು ಎದ್ದೇಳಿ.”

ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಅವಳ ತಲೆಯನ್ನು ಸೊಂಟಕ್ಕೊತ್ತಿಕೊಂಡು ನಿಂತಿದ್ದರು. ಅವರ ಮೈಯೂ ಕುಲುಕುತ್ತಿತ್ತು.

ಕುರ್ಚಿ ಕಬ್ಬಿಣದ್ದು, ಹೆಣಭಾರ. ಒಂದು ಕಡೆ ಅವಳು, ಇನ್ನೊಂದು ಕಡೆ ಸಲೂನಿನವನು ಹಿಡಿದು ರಸ್ತೆ ದಾಟಿಸಿದರು. ಸಾಹೇಬರು ಒಂದು ಕೈ ಮೀಸೆಗಿಟ್ಟು, ಇನ್ನೊಂದರಲ್ಲಿ ಬಸ್ಸು ನಿಲ್ಲಿಸಿದರು. ಸಲೂನಿನ ಕನ್ನಡಿಯ ಮುಂದೆ ಕುರ್ಚಿಯನ್ನು ಅದರ ಜಾಗದಲ್ಲಿ ಇಳಿಸಿ, ಅವಳು ಅಂಗೈಯಿಂದ ಸೀಟಿನ ಧೂಳು ಒರೆಸಿದಳು.

“ಬೇಗ ಕೊಡ್ತೀನಿ ಅಂದಿದ್ರು ಅವರು,” ಎಂದಳು. “ತಡವಾಯ್ತು. ತಗೊಳ್ಳಿ.”