ತಲೆಯಲ್ಲಿ ಸಸಿ ಬಿಡುವ ಹೂ

ಹೂವಿನಂಗಡಿಯವರ ಫೋನ್ ಬಂದಾಗ ನಾನು ಹಿತ್ತಿಲಲ್ಲಿ ಬಕೆಟ್ ತೊಳೆಯುತ್ತಿದ್ದೆ.

"ಅಕ್ಕಾ, ನಿಮ್ಮ ಕೆಂಪು ಶುಂಠಿ ಹೂವಿಗೆ ಏನಾದ್ರೂ ಅರ್ಥ ಇದೆಯಾ? ಗುಲಾಬಿ ಅಂದ್ರೆ ಪ್ರೀತಿ ಅಂತಾರಲ್ಲ, ಹಾಗೆ. ಗಿರಾಕಿಗಳು ಕೇಳ್ತಾರೆ. ಒಂದು ಚೀಟಿ ಅಂಟಿಸೋಣ ಅಂತ."

"ಕೆಂಪಗಿದೆ ಅಂತ ಬರ್ಕೊಳ್ಳಿ," ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಮಗು ಹೋದ ಮೇಲೆ ನಾನು ಬಾಯಿ ತೆರೆದರೆ ಜನ ಒಂದೋ ನಗುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ಹೊಟ್ಟೆಯಲ್ಲೇ ಉಸಿರು ನಿಂತಿತ್ತಂತೆ. ಅಂತೆ ಎನ್ನುವುದು ಯಾಕೆಂದರೆ ನನಗೆ ಪ್ರಜ್ಞೆ ಇರಲಿಲ್ಲ. ಎಚ್ಚರವಾಗುವಷ್ಟರಲ್ಲಿ ಮಣ್ಣು ಮಾಡಿ ಬಂದು ಕೈಕಾಲು ತೊಳೆದುಕೊಂಡಿದ್ದರು. ಹೆಣ್ಣು ಎಂದಷ್ಟೇ ನರ್ಸ್ ಹೇಳಿದಳು. ಹೇಗಿದ್ದಳು ಎಂದು ಗಂಡನನ್ನು ಕೇಳಿದರೆ, "ಈಗ್ಯಾಕೆ ಅದೆಲ್ಲ, ಮಲ್ಕೋ." ಅತ್ತೆಯನ್ನು ಕೇಳಿದರೆ ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಎದ್ದುಬಿಡುತ್ತಾರೆ. ನಮ್ಮನೆಯಲ್ಲಿ ಅಷ್ಟೊಂದು ಉಕ್ಕುವ ಪದಾರ್ಥ ಯಾವ ಕಾಲಕ್ಕೂ ಇರಲಿಲ್ಲ.

ನನಗೆ ಅಳು ಬರಲೇ ಇಲ್ಲ. ಮುಖವೇ ಕಾಣದವಳಿಗಾಗಿ ಹೇಗೆ ಅಳುವುದು? ಉಣ್ಣುತ್ತೇನೆ, ಮಲಗುತ್ತೇನೆ, ಬಕೆಟ್ ತೊಳೆಯುತ್ತೇನೆ. ಒಳಗೆಲ್ಲ ಮರಗಟ್ಟಿದೆ. ಪಕ್ಕದ ಮನೆಯವಳು ಇದನ್ನೇ ನೋಡಿ ಗಟ್ಟಿಗಿತ್ತಿ ಎಂದು ಹೊಗಳಿ ಹೋದಳು.

"ಇನ್ನೊಂದು ಮಾತು," ಅಂಗಡಿಯವರ ದನಿ ಸಣ್ಣದಾಯಿತು. "ಹೂ ತುಂಬಾ ಎಳಸು ಬರ್ತಿದೆ. ನೀರಲ್ಲಿಟ್ರೂ ತಲೆ ಬಾಗಿಸ್ಬಿಡತ್ತೆ. ಹೀಗೇ ಆದ್ರೆ ನಾನು ಬೇರೆ ಕಡೆ ನೋಡ್ಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ."

ಎಳಸು ಕೊಯ್ಯಬಾರದೆಂದು ಈ ಮನೆಯವರಿಗೆ ಕಲಿಸಿದವಳೇ ನಾನು. ಇದು ಅಡುಗೆಯ ಶುಂಠಿಯಲ್ಲ, ಅಂದಕ್ಕೆ ಬೆಳೆಸುವ ಜಾತಿ. ದಂಟಿನ ತುದಿಯಲ್ಲಿ ಕೆಂಪು ಎಸಳುಗಳು ಒಂದರ ಮೇಲೊಂದು ಬಿಚ್ಚುತ್ತವೆ. ಮುಕ್ಕಾಲು ಬಿಚ್ಚುವವರೆಗೆ ಕಾಯಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಕೊಯ್ಯುವ ಕೆಲಸವನ್ನು ಅತ್ತೆಯೂ ಗಂಡನೂ ವಹಿಸಿಕೊಂಡಿದ್ದರು. ಬಗ್ಗಬೇಡ, ಬಿಸಿಲಿಗೆ ಹೋಗಬೇಡ ಎಂದು ನನ್ನನ್ನು ಬಕೆಟ್ಟಿನ ಪಕ್ಕ ಕೂರಿಸಿದ್ದರು. ಅವರು ಕಟ್ಟಿಟ್ಟ ಹೂವಿನ ಕಡೆ ನಾನು ಸರಿಯಾಗಿ ನೋಡಿರಲೂ ಇಲ್ಲ.

ಆವತ್ತು ತೋಟದ ನೆರಳು ಪರದೆಯ ಕೆಳಗೆ ಹೋಗಿ ನೋಡಿದರೆ ಮಡಿಯಲ್ಲಿ ಬಲಿತ ಹೂ ಒಂದೂ ಇಲ್ಲ. ಬೋಳು ದಂಟು, ಅದರ ನಡುವೆ ಮೊಗ್ಗು. ಮೂಲೆಯ ಗೊಬ್ಬರದ ಗುಂಡಿಯ ಮೇಲೆ ಒಣಗಿದ ಎಲೆ ಹರಡಿತ್ತು. ನಮ್ಮನೆಯಲ್ಲಿ ಕಸವನ್ನು ಅಷ್ಟು ಜೋಪಾನವಾಗಿ ಯಾರೂ ಮುಚ್ಚುವುದಿಲ್ಲ. ಕೈಯಿಂದ ಸರಿಸಿದೆ. ಕೆಳಗೆ ಕೆಂಪು ಹೂಗಳ ರಾಶಿ. ಒಂದೊಂದರ ಎಸಳಿನ ಸಂದಿಯಲ್ಲೂ ಬೆರಳುದ್ದದ ಹಸಿರು ಸಸಿಗಳು.

ಕೊಯ್ಯದೆ ಬಿಟ್ಟರೆ ಈ ಹೂ ಹಾಗೆಯೇ. ತಲೆಯಲ್ಲೇ ಸಸಿ ಬಿಡುತ್ತದೆ, ಹೊತ್ತು ಹೊತ್ತು ಬಾಗುತ್ತದೆ, ನೆಲ ಮುಟ್ಟಿದ ಮೇಲೆ ಸಸಿಗಳು ಬೇರೂರುತ್ತವೆ. ಅಂಗಡಿಗೆ ಅಂಥದ್ದು ಬೇಡ. ಆದರೆ ಹೊಸ ಮಡಿಗೆಂದು ಪ್ರತಿ ವರ್ಷ ಒಂದಿಷ್ಟನ್ನು ನಾವು ಬಿಡುತ್ತಿದ್ದೆವು. ಈ ಸಲ ಬಿಟ್ಟಿಲ್ಲ. ಸಸಿ ಬಂದದ್ದನ್ನು ಗುಂಡಿಗೆ ಹಾಕಿದ್ದಾರೆ, ಬರಬಹುದಾದ್ದನ್ನು ಎಳಸಾಗಿಯೇ ಮಾರಿದ್ದಾರೆ. ಅಂಗಡಿಯವರು ಹುಡುಕುತ್ತಿದ್ದ ಅರ್ಥ ನಮ್ಮನೆಯವರಿಗೆ ಆಗಲೇ ಸಿಕ್ಕಿತ್ತು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಬೆನ್ನ ಹಿಂದೆ ಅತ್ತೆ ಬಂದು ನಿಂತಿದ್ದರು, ಕೈಯಲ್ಲಿ ಕೊಯ್ಯುವ ಚೂರಿ.

"ಇದನ್ನ ಯಾಕೆ ಮುಚ್ಚಿಟ್ರಿ ಅತ್ತೆ?"

"ನಿನ್ನ ಕಣ್ಣಿಗೆ ಬೀಳ್ಬಾರ್ದು ಅಂತ." ಅವರು ನೆಲ ನೋಡಿದರು. "ಪುಟ್ಟಪುಟ್ಟದನ್ನ ಹೊತ್ಕೊಂಡು ನಿಂತಿರತ್ತಲ್ಲ ಅದು. ನಿನಗೆ ಹೇಗಾಗತ್ತೋ ಏನೋ ಅಂತ..."

"ನಿಮ್ಮ ಮಗನಿಗೂ ಗೊತ್ತಾ?"

"ಅವನೇ ಹೇಳಿದ್ದು. ಅಂಗಡಿಯವರು ಬೈದ್ರೆ ಬೈಸ್ಕೊಳ್ಳೋಣ ಅಂದ."

ಸಿಟ್ಟು ನೆತ್ತಿಗೇರಿತು. ಇಷ್ಟು ದಿನದಲ್ಲಿ ನನಗೆ ಏನಾದರೂ ಆದದ್ದೆಂದರೆ ಅದೇ ಮೊದಲು.

"ಇದನ್ನ ನೋಡಿದ್ರೆ ನನಗೇನೂ ಆಗಲ್ಲ. ಇದು ಗಿಡ ಅತ್ತೆ! ನಾನು ನೋಡ್ಬೇಕಿದ್ದಿದ್ದು ಇದನ್ನಲ್ಲ. ಅವಳನ್ನ ನೀವು ಎತ್ಕೊಂಡಿದ್ರಿ, ನಂಗೊತ್ತು. ನೀವೆಲ್ಲ ನೋಡಿದ್ದೀರಿ. ನಾನು ಅವಳಮ್ಮ, ನಾನೊಬ್ಬಳೇ ನೋಡಿಲ್ಲ."

ಅತ್ತೆ ಮಡಿಯ ಅಂಚಿನಲ್ಲಿ ಕುಸಿದು ಕುಳಿತರು. ಚೂರಿಯನ್ನು ಪಕ್ಕಕ್ಕಿಟ್ಟರು. ಎದ್ದು ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ.

"ತಲೆ ತುಂಬಾ ಕೂದಲು," ಎಂದರು. "ಹಣೆಗೆ ಅಂಟ್ಕೊಂಡಿತ್ತು, ನಾನೇ ಒರೆಸಿದೆ. ಗಲ್ಲದಲ್ಲಿ ನಿನ್ನ ಹಾಗೇ ಗುಳಿ. ಕಿವಿ ಮಾತ್ರ ಅವರಪ್ಪಂದು, ಅಗಲ."

"ಇನ್ನೂ ಹೇಳಿ."

"ಬೆಚ್ಚಗೇ ಇದ್ಲು. ಕೊಡಿ ಅಂತ ನರ್ಸ್ ಕೈ ಚಾಚಿದ್ಲು, ನಾನು ಕೊಡ್ಲಿಲ್ಲ. ಬೆರಳು ಬಿಡಿಸಿ ನೋಡ್ತಾ ಕೂತಿದ್ದೆ. ಉಗುರು ಬೆಳೆದಿತ್ತು ಕಣೇ. ಮನೆಗೆ ಕರ್ಕೊಂಡು ಹೋದ್ಮೇಲೆ ಹುಷಾರಾಗಿ ಕತ್ತರಿಸ್ಬೇಕು, ಇಲ್ದಿದ್ರೆ ಮುಖ ಪರಚ್ಕೋತಾಳೆ ಅಂದ್ಕೊಂಡೆ. ಅಷ್ಟು ಹೊತ್ತು ಮರೆತೇಹೋಗಿತ್ತು ನನಗೆ."

ನಾನು ಅವರ ಪಕ್ಕ ಮಣ್ಣಿನ ಮೇಲೆ ಕುಳಿತೆ.

"ಎಷ್ಟು ಬೆಳೆದಿತ್ತು?" ಎಂದು ಕೇಳಿದೆ.

ಅತ್ತೆ ತಮ್ಮ ಕಿರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಇಷ್ಟೇ ಇಷ್ಟು ಎಂದು ತೋರಿಸಿದರು. ಆಗ ನನಗೆ ಅಳು ಬಂತು.