ಸೀಟಿನ ಕೆಳಗಿನ ಬಿಸಿ

ಮಂಗಲ್ಪಾಡಿಯ ಪ್ರವೀತನ ಬೈಕಿಗೆ ಹೊಸ ಎಲ್‌ಇಡಿ ಇಂಡಿಕೇಟರ್ ಬಂತು. ಮೊಬೈಲಿನಲ್ಲಿ ವಿಡಿಯೊ ನೋಡಿ, ಹಳೆಯದನ್ನು ಕಿತ್ತು ಅವನೇ ಕೂರಿಸಿದ. ನೋಡಲು ಚಂದವೇ ಇತ್ತು. ಆದರೆ ಸ್ವಿಚ್ ಒತ್ತಿದರೆ ನಿಧಾನಕ್ಕೆ ಮಿನುಗುವ ಬದಲು ಪಟಪಟನೆ ಹೊಡೆದುಕೊಳ್ಳುತ್ತಿತ್ತು.

ಅದಕ್ಕೂ ವಿಡಿಯೊದಲ್ಲೇ ಮದ್ದು ಸಿಕ್ಕಿತು. ರೆಸಿಸ್ಟರ್ ಎಂಬ ಬೆರಳುದ್ದದ ತುಂಡನ್ನು ಎರಡೂ ಬದಿಯ ವಯರಿಗೆ ಸೇರಿಸಿದ. ಮಿನುಗು ಸರಿಯಾಯಿತು. ಆಗ ಮಳೆಗಾಲ. ನಮ್ಮ ಕಡೆ ಜೂನ್ ಬಂತೆಂದರೆ ಮೊಬೈಲು, ಪರ್ಸು, ರೇಷನ್ ಕಾರ್ಡು ಎಲ್ಲವೂ ಪ್ಲಾಸ್ಟಿಕ್ ತೊಟ್ಟೆಯೊಳಗೆ ಹೋಗುತ್ತವೆ. ಪ್ರವೀತ ರೆಸಿಸ್ಟರನ್ನೂ ಬಿಡಲಿಲ್ಲ. ತೊಟ್ಟೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸೀಟಿನ ಕೆಳಗೆ ತುರುಕಿದ.

ಆ ಸೀಟಿನ ಮೇಲೆ ದಿನಾ ಶಾಲೆಗೆ ಹೋಗುವವಳು ಅವನ ಮಗಳು ಮೋಕ್ಷಿತಾ. ಎರಡನೇ ಕ್ಲಾಸಿನ ಮಗು.

ವಾಸನೆ ಮೊದಲು ಬಡಿದದ್ದು ಹೆಂಡತಿ ದೀಕ್ಷಿತಾಳ ಮೂಗಿಗೆ.

“ಇವರೇ, ಬೈಕಿನ ಹತ್ತಿರ ಎಂತದೋ ಸುಟ್ಟ ವಾಸನೆ ಬರ್ತದೆ.”

“ಸೈಲೆನ್ಸರಿಗೆ ಕೆಸರು ತಾಗಿದ್ದು ಮಾರಾಯ್ತಿ.”

“ಕೆಸರಿನ ವಾಸನೆ ನನಗೆ ಗೊತ್ತಿಲ್ವಾ? ಮೋಹಿನಿ ಅಕ್ಕನಿಗೆ ಒಮ್ಮೆ ತೋರಿಸಿ.”

ಮೋಹಿನಿ ಅಕ್ಕ ಪಕ್ಕದ ಮನೆಯವರು. ಹೈವೇ ಬದಿಯಲ್ಲಿ ಗಂಡನ ಜೊತೆ ವಾಹನಗಳ ವಯರಿಂಗ್ ಅಂಗಡಿ ನಡೆಸುತ್ತಾರೆ. ಪ್ರವೀತ ಅವರಿಗೆ ತೋರಿಸಲಿಲ್ಲ. ಅಷ್ಟರಲ್ಲಿ ಬೈಕಿನ ಫ್ಯೂಸ್ ಹೋಯಿತು. ಹೊಸದು ಹಾಕಿದ, ಅದೂ ಹೋಯಿತು. ರೇಗಿ, ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿಬಿಟ್ಟ. ಮತ್ತೆ ಬೇಲಿಯ ಹತ್ತಿರ ನಿಂತು ಅಕ್ಕನಿಗೇ ಹೇಳಿದ.

“ಇನ್ನು ಫ್ಯೂಸ್ ಹೋಗುವ ಮಾತೇ ಇಲ್ಲ ಅಕ್ಕಾ!”

ಮೋಹಿನಿ ಅಕ್ಕ ನಗಲಿಲ್ಲ. “ಯಾಕೆ ಹೋಯ್ತು ಅಂತ ನೋಡಿದ್ಯಾ? ಎಲ್ಲೋ ವಯರು ತಾಗ್ತಾ ಉಂಟು. ಈಗ ಫ್ಯೂಸಿನ ಬದಲು ವಯರೇ ಉರೀತದೆ. ಇವತ್ತೇ ಅಂಗಡಿಗೆ ತಾ.”

“ಭಾನುವಾರ ತರ್ತೇನೆ. ನೀವು ಸುಮ್ಮನೆ ಹೆದರಿಸ್ಬೇಡಿ.”

ಒಳಗಿದ್ದ ದೀಕ್ಷಿತಾಳಿಗೆ ಇದೆಲ್ಲ ಕೇಳಿಸಿತು. ಮರುದಿನ ಬೆಳಿಗ್ಗೆ ಮಗಳ ಜಡೆ ಹಾಕುತ್ತಾ, “ಇವತ್ತು ಅವಳು ಆಟೋದಲ್ಲಿ ಹೋಗಲಿ” ಎಂದಳು.

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಂಗೆ?” ಎಂದು ಪ್ರವೀತ ಮುಖ ಊದಿಸಿದ. ದೀಕ್ಷಿತಾ ಸುಮ್ಮನಾದಳು. ಸುಮ್ಮನಾಗಬಾರದಿತ್ತು.

ಸಂಜೆ ಶಾಲೆಯಿಂದ ಬರುವಾಗ ಹೈವೇ ದಾಟಿ ಬಲಕ್ಕೆ ತಿರುಗಬೇಕು. ಲಾರಿಗಳು ದಾರಿ ಬಿಡಲಿಲ್ಲ. ಬಲಗಡೆಯ ಇಂಡಿಕೇಟರ್ ಹಾಕಿಕೊಂಡು ಪ್ರವೀತ ರಸ್ತೆ ಬದಿಯಲ್ಲಿ ಕಾಯುತ್ತಲೇ ಇದ್ದ. ಎದುರು ಬದಿಯಲ್ಲಿ ದೀಕ್ಷಿತಾ ಆಗಷ್ಟೇ ಬಸ್ಸಿನಿಂದ ಇಳಿದಿದ್ದಳು.

“ಅಪ್ಪಾ, ಸೀಟು ಬಿಸಿ ಆಗ್ತಾ ಉಂಟು.”

“ಈ ಮಳೆಗೆ ಬಿಸಿ ಎಲ್ಲಿಂದ ಮಗಾ? ಗಟ್ಟಿ ಹಿಡ್ಕೊ.”

ಮಗಳ ರೈನ್‌ಕೋಟಿನ ಅಡಿಯಿಂದ ಕಪ್ಪು ಹೊಗೆ ಏಳುವುದನ್ನು ದೀಕ್ಷಿತಾ ನೋಡಿದಳು. ಕೂಗಿದಳು. ಲಾರಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ದಾಟಲೂ ಆಗುತ್ತಿಲ್ಲ. ಹೆತ್ತವಳಿಗೆ ಆಗ ಹೇಗಾಗಿರಬೇಡ!

ಹೊಗೆ ಮೂಗಿಗೆ ಬಡಿದಾಗ ಪ್ರವೀತ ಬೈಕು ಬಿಟ್ಟು ಮಗಳನ್ನು ಎತ್ತಿಕೊಂಡು ಓಡಿದ. ಅಲ್ಲೇ ಹತ್ತಿರವಿದ್ದ ತಮ್ಮ ಅಂಗಡಿಯಿಂದ ಮೋಹಿನಿ ಅಕ್ಕ ಓಡಿ ಬಂದು ಕೀ ಆಫ್ ಮಾಡಿ, ಸೀಟು ಕಿತ್ತು, ಬ್ಯಾಟರಿಯ ವಯರು ಬಿಡಿಸಿದರು. ಮೋಕ್ಷಿತಾಳ ಯೂನಿಫಾರ್ಮ್ ಮಸಿಯಾಗಿತ್ತು. ಪುಣ್ಯಕ್ಕೆ ಮೈಗೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ ದೀಕ್ಷಿತಾಳೂ ರಸ್ತೆ ದಾಟಿ ಬಂದು ಮಗಳನ್ನು ಅಪ್ಪಿಕೊಂಡಳು.

ಸೀಟಿನ ಕೆಳಗೆ ತೊಟ್ಟೆ ಕರಗಿ ಅಂಟಾಗಿತ್ತು.

“ರೆಸಿಸ್ಟರ್ ಕೆಲಸ ಮಾಡುವಾಗ ಬಿಸಿ ಆಗ್ತದೆ ಪ್ರವೀತ. ನೀನು ಅದಕ್ಕೆ ತೊಟ್ಟೆ ಸುತ್ತಿದ್ದಿ. ತೊಟ್ಟೆ ಕರಗಿತು, ವಯರಿನ ಮೇಲಿನ ಪ್ಲಾಸ್ಟಿಕ್ಕೂ ಕರಗಿತು, ಒಳಗಿನ ತಂತಿ ಬೈಕಿನ ಕಬ್ಬಿಣಕ್ಕೆ ತಾಗಿತು. ಫ್ಯೂಸ್ ಎರಡು ಸಲ ಹೇಳಿತು. ನೀನು ಅದರ ಬಾಯಿ ಮುಚ್ಚಿಸಿದಿ.”

“ಹಾಗಾದ್ರೆ ಎಲ್‌ಇಡಿ ಹಾಕ್ಲೇಬಾರದಾ ಅಕ್ಕಾ?” ಪ್ರವೀತ ಕೇಳಿದ.

“ಧಾರಾಳ ಹಾಕು. ಇಂಡಿಕೇಟರನ್ನು ಮಿನುಗಿಸುವ ಸಣ್ಣ ಡಬ್ಬಿ ಉಂಟಲ್ಲ, ಫ್ಲ್ಯಾಷರ್, ಅದು ಎಲ್‌ಇಡಿಗೆ ಅಂತಲೇ ಬೇರೆ ಸಿಗ್ತದೆ. ಹಳೇದು ತೆಗೆದು ಅದನ್ನು ಹಾಕಿದ್ರೆ ರೆಸಿಸ್ಟರೇ ಬೇಡ.”

ಅವರು ರೆಸಿಸ್ಟರ್ ತೆಗೆದು ಎಲ್‌ಇಡಿಯ ಫ್ಲ್ಯಾಷರ್ ಹಾಕಿ, ಸುಟ್ಟ ವಯರು ಬದಲಾಯಿಸಿದರು. ಪ್ರವೀತ ವಯರನ್ನು ಬರೀ ಹುರಿ ಮಾಡಿ ಟೇಪು ಸುತ್ತಿದ್ದ ಕಡೆಗಳಿಗೆ ಬೆಸುಗೆ ಹಾಕಿದರು. ತಾಮ್ರದ ತಂತಿ ಕಿತ್ತೆಸೆದು, ಬೈಕಿಗೆ ಹೇಳಿದ ಅಳತೆಯ ಫ್ಯೂಸನ್ನೇ ಹಾಕಿದರು. ಆಮೇಲೆ ಬಹಳ ಹೊತ್ತು ಇಂಡಿಕೇಟರ್ ಹಾಕಿಟ್ಟು ನೋಡಿದರು. ಬಲ, ಎಡ, ಎರಡೂ ನಿಧಾನಕ್ಕೆ ಮಿನುಗಿದವು.

ಪ್ರವೀತ ಸೀಟಿನ ಕೆಳಗೆ ಅಂಗೈ ಇಟ್ಟ. ತಣ್ಣಗಿತ್ತು. “ನೀನು ಹೇಳಿದ ದಿನವೇ ತೋರಿಸ್ಬೇಕಿತ್ತು” ಎಂದು ಹೆಂಡತಿಗೆ ಹೇಳಿದ. ದೀಕ್ಷಿತಾ ತಾನೂ ಕೈ ಇಟ್ಟು ನೋಡಿದ ಮೇಲೆಯೇ ಮಗಳನ್ನು ಕೂರಿಸಲು ಬಿಟ್ಟಳು.

ಓದುತ್ತಿರುವವರೇ, ನಿಮ್ಮ ಬೈಕಿಗೂ ಎಲ್‌ಇಡಿ ಹಾಕಿಸಿದ್ದೀರಾ? ಇವತ್ತೇ ಸೀಟು ಎತ್ತಿ ನೋಡಿ. ತೊಟ್ಟೆ ಸುತ್ತಿದ ರೆಸಿಸ್ಟರ್ ಇದ್ದರೆ, ಫ್ಯೂಸಿನ ಜಾಗದಲ್ಲಿ ತಂತಿ ಇದ್ದರೆ, ಬೈಕು ಓಡಿಸಬೇಡಿ. ಕೆಲಸ ಬಲ್ಲವರನ್ನು ಕರೆಸಿ. ಮನೆಯವರು ವಾಸನೆ ಎಂದರೆ ನಂಬಿ. ಹಿಂದೆ ಕೂತ ಮಗು “ಬಿಸಿ” ಎಂದರೆ, ಅಲ್ಲೇ ಇಳಿಸಿ.