ಅಂಚಿನ ಮೇಲೆ ಒಡೆದ ಕಾಯಿ

ಹಲಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಾಸಿಂಸಾಬ ಅದರ ಉಕ್ಕಿನ ಅಂಚಿನ ಗುಂಟ ಹೆಬ್ಬೆರಳು ಎಳೆದ. ಮೇಲೆ ನಿಂತಾಗ ಹಿಮ್ಮಡಿ ಬರುವ ಕಡೆ ಬೆರಳು ತಡೆಯಿತು. ಒಂದಲ್ಲ, ಮೂರು ಕಡೆ.

"ಇದಕ್ಕ ಯಾತರ್ಲೆ ಹೊಡೆದಾರ?"

ನಿರ್ಮಲಾ ನೆಲ ನೋಡಿದಳು. "ಕಾಯಿ ಒಡೆದ್ರು ಕಾಕಾ."

"ಇದರ ಮ್ಯಾಲ?"

"ಅಂಚಿಗೇ. ಕಬ್ಬಿಣ ಐತಿ, ಛಲೋ ಒಡೀತೈತಿ ಅಂದ್ರು. ಐದು ಕಾಯಿ."

ಕಾಸಿಂಸಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ದಾಂಡೇಲಿಯ ಸಾಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಗರಗಸದ ಹಲ್ಲು ಮಸೆದವನು ಅವನು. ಸಿಟ್ಟು ಬಂದರೆ ಮೊದಲು ಕನ್ನಡಕ ಒರೆಸುವುದು ಅವನ ರೂಢಿ. ಅದೇ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದ ತೇರಗಾಂವದ ಸೋಮಪ್ಪನ ಮಗಳು ಈ ನಿರ್ಮಲಾ. ಜೋಯಿಡಾ ಕಡೆ ಕಾಳಿ ಹೊಳೆಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕರೆದೊಯ್ಯುವ ಕೆಲಸ ಅವಳದು. ತರಬೇತಿಗೆಂದು ಮನಾಲಿಗೆ ಹೋದವಳು ಅಲ್ಲಿ ಹಲಗೆಯ ಮೇಲೆ ನಿಂತು ಹಿಮದ ಇಳಿಜಾರು ಇಳಿಯುವುದನ್ನು ಕಲಿತು ಬಂದಿದ್ದಳು. ಕಲಿಸಿದವರು ತಮ್ಮ ಹಳೆಯ ಹಲಗೆಯನ್ನೇ ಕೊಟ್ಟು ಕಳಿಸಿದ್ದರು. ಇನ್ನು ನಾಲ್ಕು ದಿನಕ್ಕೆ ಕಾಶ್ಮೀರದಲ್ಲಿ ಈ ಆಟದ ತಂಡಕ್ಕೆ ಆಯ್ಕೆ. ಸಂಜೆಯ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ರೈಲು.

ಎರಡು ವರ್ಷದ ಹಿಂದೆ ಅವಳು ಇದನ್ನು ಮೊದಲು ತಂದಾಗ ಕಾಸಿಂಸಾಬ ನಕ್ಕಿದ್ದ. ಬೆಂಕಿಕಡ್ಡಿಯಷ್ಟೇ ಅಗಲದ ಉಕ್ಕಿನ ಅಂಚನ್ನು ಮುಟ್ಟಿ ನೋಡಿದ ಮೇಲೆ ನಗು ನಿಂತಿತು. ಇಡೀ ಮೈಯ ಭಾರ ಆ ಕಡ್ಡಿಯಷ್ಟು ಉಕ್ಕಿನ ಮೇಲೆ ಹೋಗುತ್ತದೆ, ಅದು ಮಂಜುಗಡ್ಡೆಯನ್ನು ಕಚ್ಚದಿದ್ದರೆ ಬೀಳುವುದೇ ಎಂದು ಅವಳು ಹೇಳಿದ್ದು ಅವನಿಗೆ ತಟ್ಟನೆ ತಿಳಿಯಿತು. ಅಂದಿನಿಂದ ಈ ಅಂಚಿಗೆ ಬೇರೆ ಯಾರೂ ಕೈ ಹಚ್ಚಿರಲಿಲ್ಲ.

ನಿನ್ನೆ ಹಳಿಯಾಳದಲ್ಲಿ ಅವಳಿಗೆ ಸತ್ಕಾರ. ಮಾಡಿಸಿದವನು ಯುವಕ ಸಂಘದ ಅಧ್ಯಕ್ಷ ಮಹಾಬಳೇಶ್ವರ. ಹಲಗೆಯನ್ನು ಮೇಜಿನ ಮೇಲೆ ತಳ ಮೇಲಾಗಿ ಮಲಗಿಸಿ ಕುಂಕುಮ ಹಚ್ಚಿದರು. ಸರಿ. ತಟ್ಟೆ ಸಿಗಲಿಲ್ಲವೆಂದು ಕರ್ಪೂರವನ್ನು ಹಲಗೆಯ ಮೇಲೇ ಉರಿಸಿದರು. ಆಮೇಲೆ ಕಾಯಿ.

"ನಿನ್ನ ಬಾಯಿಗೆ ಏನಾಗಿತ್ತು?"

"ಕೊಳ್ಳಾಗ ಹಾರ ಹಾಕಿ ನಿಲ್ಲಿಸಿದ್ರು ಕಾಕಾ. ಎಲ್ಲಾರೂ ಹಿರೇರು. ಹೆಂಗ ಬ್ಯಾಡ ಅನ್ಲಿ?"

ಕಾಸಿಂಸಾಬ ಸಾಣೆಕಲ್ಲು ತೆಗೆದ. ಏಟು ತಿಂದ ಉಕ್ಕು ಬಿರುಸಾಗುತ್ತದೆ. ಅದರ ಮೇಲೆ ನೇರ ಅರ ಎಳೆದರೆ ಅರದ ಹಲ್ಲೇ ಸವೆಯುತ್ತದೆ. ಮೊದಲು ಕಲ್ಲಿನಿಂದ ಬಿರುಸು ಮುರಿಯಬೇಕು, ಆಮೇಲೆ ಅರ, ಅದೂ ಒಂದೇ ದಿಕ್ಕಿಗೆ. ಎರಡು ತಗ್ಗು ಹೋದವು. ಮೂರನೆಯದು ಆಳ ಇತ್ತು.

"ಇದನ್ನ ಪೂರ್ತಿ ತೆಗೀಬೇಕಂದ್ರ ಅಂಚ ಉಳಿಯಂಗಿಲ್ಲವ್ವಾ. ಅರ್ಧ ಬಿಡ್ತೇನಿ."

"ಕಚ್ಚತೈತಿ?"

"ಕಚ್ಚತೈತಿ. ಮೊದಲಿನಂಗಲ್ಲ."

ಹಲಗೆಯ ತಳ ಪ್ಲಾಸ್ಟಿಕ್ಕಿನದು. ಕರ್ಪೂರ ಉರಿದಲ್ಲಿ ರೂಪಾಯಿ ಅಗಲ ಗುಳ್ಳೆ ಎದ್ದಿತ್ತು. ಅವನು ಅದನ್ನು ಕೆತ್ತಿ ತೆಗೆದ. ನಿರ್ಮಲಾ ಕಪ್ಪು ಪ್ಲಾಸ್ಟಿಕ್ ಕಡ್ಡಿಯೊಂದನ್ನು ಹೊತ್ತಿಸಿ, ತೊಟ್ಟು ತೊಟ್ಟಾಗಿ ಆ ಕುಳಿ ತುಂಬಿದಳು. ಆರಿದ ಮೇಲೆ ಅದನ್ನು ಸಮ ಮಾಡಿ, ಹಲಗೆ ಹಿಮದ ಮೇಲೆ ಸಲೀಸಾಗಿ ಜಾರಲೆಂದು ಕಾದ ಇಸ್ತ್ರಿ ಪೆಟ್ಟಿಗೆಗೆ ಮೇಣದ ಗಟ್ಟಿ ಒತ್ತಿ ತಳದ ತುಂಬ ಹನಿ ಬೀಳಿಸಿದಳು.

"ಕೈ ನಿಲ್ಲಸಬ್ಯಾಡ. ಅವರು ಸುಟ್ಟಿದ್ದ ಸಾಕು," ಎಂದ ಕಾಸಿಂಸಾಬ.

ಅವಳು ಇಸ್ತ್ರಿಯನ್ನು ನಿಲ್ಲಿಸದೆ ಆಡಿಸುತ್ತ ಮೇಣ ಹರಡಿದಳು. ಅದು ಆರುವುದಕ್ಕೆ ಕಾಯುತ್ತಿದ್ದಾಗ ಬಾಗಿಲಿಗೆ ಜೀಪು ಬಂತು. ಇಳಿದವನು ಮಹಾಬಳೇಶ್ವರ.

"ಇಲ್ಲೇ ಅದೀಯೇನ ತಂಗಿ! ನಡಿ, ಮುಂಡಗೋಡದಾಗ ನಾಕಕ್ಕ ಇನ್ನೊಂದು ಸತ್ಕಾರ ಇಟ್ಟೇವಿ. ಬ್ಯಾನರ್ ಕಟ್ಟೇತಿ. ಅಲ್ಲಿಂದ ಹುಬ್ಬಳ್ಳಿಗೆ ನಾವ ಬಿಡ್ತೇವಿ. ಹಲಗಿ ತಗೋ."

ಕಾಸಿಂಸಾಬ ಎದ್ದು ನಿಂತ. "ಇನ್ನ ಎಷ್ಟು ಕಾಯಿ ಉಳದಾವ್ರಿ?"

"ಅಂದ್ರ?"

"ಇಲ್ಲಿ ಬರ್ರಿ. ಬೆರಳ ಇಡ್ರಿ. ಇದು ನಿಮ್ಮ ಕಾಯಿ. ಇದು ನಿಮ್ಮ ಕರ್ಪೂರ."

"ಏ ಕಾಕಾ, ಪ್ರೀತೀಲೆ ಪೂಜಿ ಮಾಡೇವಿ."

"ಪೂಜಿ ಬ್ಯಾಡ ಅಂದವರ‍್ಯಾರು? ದಸರಾದಾಗ ಖಂಡೇ ಪೂಜಿ ದಿನ ಮಿಲ್ಲಿನಾಗ ಗರಗಸಕ್ಕ ನನ್ನ ಕೈಲೇ ಹೂವು ಏರಿಸೇನಿ. ಕಾಯಿ ಬಾಗಿಲ ಕಲ್ಲಿಗೆ ಒಡೀತಿದ್ವಿ. ಗರಗಸದ ಹಲ್ಲಿಗೆ ಕಾಯಿ ಬಡಿಯೋ ಶಾಣ್ಯಾ ಮೂವತ್ತೆಂಟು ವರ್ಷದಾಗ ಒಬ್ಬಾವನೂ ಬಂದಿರಲಿಲ್ಲ."

ಮಹಾಬಳೇಶ್ವರ ನಕ್ಕ. "ಒಂದು ಹಲಗಿಗೆ ಇಷ್ಟ್ಯಾಕ್ರಿ? ಪ್ಲೈವುಡ್ಡಿನಾಗ ಇಂಥಾವ ಹತ್ತು ಮಾಡಿಸಿ ಕೊಡ್ತೇನಿ."

"ಮಾಡಸ್ರಿ. ಅದರ ಮ್ಯಾಲ ನೀವ ನಿಂತು ಗುಡ್ಡ ಇಳೀರಿ. ನಾ ಕೆಳಗ ನಿಂತು ಕಾಯಿ ಒಡೀತೇನಿ."

ನಿರ್ಮಲಾಳ ಬಾಯಿಂದ ನಗು ಹೊರಟೇಬಿಟ್ಟಿತು. ಆ ನಗುವೇ ಅವಳಿಗೆ ಧೈರ್ಯ ಕೊಟ್ಟಿರಬೇಕು. "ನಾ ಬರಂಗಿಲ್ಲರಿ ಅಣ್ಣಾರ," ಎಂದಳು.

"ಹಂಗಾರ ಹಲಗೀನರ ಕೊಡು. ಸ್ಟೇಜಿನ ಮ್ಯಾಲ ಇಟ್ಟು, ಸಂಜಿಕ ಸ್ಟೇಷನ್ನಿಗೆ ಮುಟ್ಟಸ್ತೇವಿ."

ಕಾಸಿಂಸಾಬ ಈ ಸಲ ಕನ್ನಡಕ ಒರೆಸಲಿಲ್ಲ. ಜೀಪಿನ ಕಡೆ ಕೈ ತೋರಿಸಿದ. ಮಹಾಬಳೇಶ್ವರ ಏನೋ ಗೊಣಗುತ್ತ ಹೋದ. ಅವರಿಬ್ಬರೂ ಕೂತು ಆರಿದ ಹೆಚ್ಚಿನ ಮೇಣವನ್ನು ಕೆರೆದು, ಬ್ರಶ್ಶಿನಿಂದ ತಿಕ್ಕಿ, ಹಲಗೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿದರು.

ಐದನೆಯ ದಿನ ಸೋಮಪ್ಪ ಮೊಬೈಲು ಹಿಡಿದು ಬಂದ. ಫೋನಿನಲ್ಲಿ ನಿರ್ಮಲಾ.

"ಏಳು ಮಂದೀನ ತಗೊಂಡ್ರು ಕಾಕಾ. ನಂದು ಎಂಟನೇದು."

"ಎಲ್ಲಿ ತಪ್ಪಿತು?"

"ಹಿಮ್ಮಡಿ ಮ್ಯಾಲ ಭಾರ ಹಾಕಿ ಹೊಳ್ಳುವಾಗ. ಅಂಚಿನ ಆ ತಗ್ಗಿನ ಜಾಗಾದಾಗ ಸರ‍್ರಂತ ಜಾರಿತು. ಬೀಳಲಿಲ್ಲ. ಆದ್ರ ಟೈಮ್ ಹೋತು."

ಸೋಮಪ್ಪ ಫೋನು ಇಟ್ಟು, "ಹಣೇಬರಾ ಬಿಡೋ ಕಾಸಿಂ. ಮುಂದಿನ ವರ್ಷ ನೋಡೂಣು," ಎಂದ.

"ಹಣೇಬರಾ ಎಲ್ಲಿಂದ ಬಂತೋ? ನಾ ಕಣ್ಣಾರೆ ನೋಡೇನಿ. ತೆಂಗಿನಕಾಯಿ ಅದು."

ಮುಂದಿನ ಬಸ್ಸಿಗೆ ಅವನು ಹಳಿಯಾಳಕ್ಕೆ ಹೋದ. ಮಹಾಬಳೇಶ್ವರನ ಗೊಬ್ಬರದ ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು.

"ಬರ್ರಿ ಕಾಕಾ! ನಮ್ಮ ಹುಡಿಗಿ ಆರಿಸಿ ಬಂದ್ಲೇನ?"

"ಇಲ್ಲ. ನೀವು ಕಾಯಿ ಒಡೆದ ಜಾಗಾದಾಗ ಜಾರಿ, ಒಂದು ನಂಬರಿನಾಗ ಹೋತು." ಗಿರಾಕಿಗಳೆಲ್ಲ ತಿರುಗಿ ನೋಡಿದರು. "ಆಕಿ ನಿಮ್ಮ ಎದುರಿಗೆ ಬೈಯಂಗಿಲ್ಲ. ಹಿರೇರು ಅಂತ ಸುಮ್ಮನಿರ್ತಾಳ. ಫೋನ್ ಹಚ್ಚಿ, ನನ್ನಿಂದ ತಪ್ಪಾತು ಅನ್ರಿ."

"ಈಗ ಗಿರಾಕಿ ಅದಾರ. ಆಮ್ಯಾಲ ಮಾಡ್ತೇನಿ."

"ಮಾಡ್ರಿ. ನನಗ ಅವಸರಿಲ್ಲ."

ಕಾಸಿಂಸಾಬ ಬಾಕಿನ ಮೇಲಿದ್ದ ಚೀಲ ಸರಿಸಿ ಕೂತ. ಗಿರಾಕಿಗಳು ಒಬ್ಬೊಬ್ಬರಾಗಿ ಗೊಬ್ಬರ ಕಟ್ಟಿಸಿಕೊಂಡರು. ಯಾರೂ ಹೊರಗೆ ಹೋಗಲಿಲ್ಲ. ಮಹಾಬಳೇಶ್ವರ ಅವರ ಮುಖ ನೋಡಿದ, ಮುದುಕನ ಮುಖ ನೋಡಿದ. ಕಡೆಗೆ ಜೇಬಿನಿಂದ ಮೊಬೈಲು ತೆಗೆದ.

"ನಂಬರ್ ಹೇಳ್ರಿ," ಎಂದ.